ಕಲಾ ಇತಿಹಾಸ ಓದೋಕೆ ದೊಡ್ಡ ನಗರವಾ, ಸಣ್ಣ ವಿಶ್ವವಿದ್ಯಾಲಯವಾ, ಆನ್‌ಲೈನಾ?

ಶಿರಸಿ, ಕುಮಟಾ, ಕಾರವಾರದ ಕಡೆ ಬಿಎ ಮುಗಿಸಿದ ಹುಡುಗ ಹುಡುಗಿಯರು ಈಗ ಆಗಾಗ ಕೇಳುತ್ತಾರೆ, ಕಲಾ ಇತಿಹಾಸ ಓದಬೇಕು, ಎಲ್ಲಿಗೆ ಸೇರಲಿ ಅಂತ. ನಾನು ಮೂರು ದಾರಿಯಲ್ಲೂ ಓದಿದ್ದೇನೆ. ಮೊದಲು ದೊಡ್ಡ ನಗರವೊಂದರಲ್ಲಿ ಡಿಪ್ಲೊಮಾ, ಆಮೇಲೆ ಶಿರಸಿಯ ಮನೆಯಲ್ಲೇ ಕೂತು ಆನ್‌ಲೈನ್ ಕೋರ್ಸು, ಕೊನೆಗೆ ಒಂದು ಸಣ್ಣ ವಿಶ್ವವಿದ್ಯಾಲಯದಲ್ಲಿ ಎಂಎ. ನಮ್ಮ ಜಿಲ್ಲೆಯವರಿಗೆ ಸಣ್ಣ ವಿಶ್ವವಿದ್ಯಾಲಯವೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಎಲ್ಲ ವಿಷಯದಲ್ಲೂ ಅಲ್ಲ, ಆದರೆ ಮುಖ್ಯವಾದ ವಿಷಯದಲ್ಲಿ.

ಮುಖ್ಯವಾದದ್ದು ಅಂದರೆ ನೋಡೋದನ್ನು ಕಲಿಯುವುದು. ದೊಡ್ಡ ನಗರದಲ್ಲಿ ನಮ್ಮ ಪಾಠ ಬಹುಪಾಲು ಕತ್ತಲೆ ಕೋಣೆಯಲ್ಲೇ ನಡೆಯಿತು. ಪರದೆ ಮೇಲೆ ಎರಡು ಚಿತ್ರ ಅಕ್ಕಪಕ್ಕ ಹಾಕಿ ಹೋಲಿಸುವುದು. ಸ್ವಿಟ್ಜರ್ಲೆಂಡಿನ ಕಲಾ ಇತಿಹಾಸಕಾರ ಹೈನ್ರಿಕ್ ವೋಲ್ಫ್ಲಿನ್ ನೂರು ವರ್ಷಕ್ಕೂ ಹಿಂದೆ ಹೆಸರುವಾಸಿ ಮಾಡಿದ ಪದ್ಧತಿ ಇದು. ಶೈಲಿ ಗುರುತಿಸೋಕೆ ನಿಜಕ್ಕೂ ಚೆನ್ನಾಗಿದೆ, ಆದರೆ ಪರದೆ ಮೇಲೆ ಎಲ್ಲವೂ ಒಂದೇ ಅಳತೆಗೆ ಬಂದುಬಿಡುತ್ತದೆ. ಭಟ್ಕಳದ ಕೇತಪೈ ನಾರಾಯಣ ದೇವಸ್ಥಾನದ ರಾಮಾಯಣದ ಕೆತ್ತನೆಯನ್ನು ಹೊಯ್ಸಳರ ಶಿಲ್ಪದ ಪಕ್ಕ ತೋರಿಸಿದರು, ಇದು ಅಷ್ಟು ನಯವಾಗಿಲ್ಲ ಅಂದರು, ಮುಂದಿನ ಸ್ಲೈಡಿಗೆ ಹೋದರು.

ಸಣ್ಣ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರು ನಮ್ಮನ್ನು ಅದೇ ದೇವಸ್ಥಾನಕ್ಕೆ ಕರೆದುಕೊಂಡು ಹೋದರು. ಇಡೀ ಕ್ಲಾಸು ಒಂದೇ ಜೀಪಿನಲ್ಲಿ ಹಿಡಿಸುತ್ತಿತ್ತು, ಹಾಗಾಗಿ ಹೊರಡೋದು ಕಷ್ಟವೇ ಇರಲಿಲ್ಲ. ಪರದೆ ಮೇಲೆ ಗೋಡೆಯಷ್ಟು ಕಂಡಿದ್ದ ಆ ಕೆತ್ತನೆಗಳು ಅಲ್ಲಿ ಸಣ್ಣ ಸಣ್ಣ ಫಲಕಗಳು. ದೇವಸ್ಥಾನದ ಸುತ್ತ ನಡೆಯುತ್ತಾ, ಹತ್ತಿರ ಹೋಗಿ ಒಂದೊಂದಾಗಿ ನೋಡಬೇಕು. ಮೇಲೆ ಕಲ್ಲು ಚಪ್ಪಡಿಯ ಇಳಿಜಾರು ಮಾಡು. "ಇಳಿಜಾರು ಯಾಕೆ?" ಅಂತ ಕೇಳಿ ಮೇಷ್ಟ್ರು ಸುಮ್ನೆ ನಿಂತರು. ಕರಾವಳಿ ಮಳೆ ನೋಡಿ ಬೆಳೆದವರಿಗೆ ಅದಕ್ಕೆ ಉತ್ತರ ಹೇಳಿಕೊಡಬೇಕಾ? ಗೋಡೆಯ ಕಲ್ಲಿನ ಜಾಲರಿ ನೋಡಿ ಅಂದರು, ಅದೂ ಮರದ ಪಟ್ಟಿ ಜೋಡಿಸಿದ ಹಾಗೇ ಇತ್ತು. ಈ ಕಡೆಯ ಮರದ ಕೆಲಸವನ್ನೇ ಕಲ್ಲಿನಲ್ಲಿ ಮಾಡಿದ್ದಾರೆ, ಅಲ್ವಾ, ಅದನ್ನು ಹೊಯ್ಸಳರ ನಯಕ್ಕೆ ಹೋಲಿಸಿ ಕಡಿಮೆ ಅಂಕ ಕೊಟ್ಟರೆ ಏನು ನ್ಯಾಯ? ಸ್ಲೈಡು ನೋಡಿದಾಗ ಈ ಪ್ರಶ್ನೆ ಯಾರಿಗೂ ಹೊಳೆದಿರಲಿಲ್ಲ.

ಬನವಾಸಿಯಲ್ಲೂ ಹೀಗೇ ಆಯಿತು. ಮಧುಕೇಶ್ವರ ದೇವಸ್ಥಾನ ಅಂದರೆ ಕದಂಬರದ್ದು ಅಂತ ಬರೆದು ಪಾಸಾಗಬಹುದು. ಒಳಗೆ ನಿಂತು ನೋಡಿದರೆ ಅದು ಒಂದೇ ಕಾಲದ್ದಲ್ಲ. ನವರಂಗದ, ಅಂದರೆ ಗರ್ಭಗುಡಿ ಮುಂದಿನ ಮಂಟಪದ, ನುಣುಪು ಕಂಬಗಳು ಕಲ್ಯಾಣ ಚಾಲುಕ್ಯರ ಕಾಲದ ರೀತಿಯವು, ಕಲ್ಲಿನ ಮಂಚ ಸೋದೆ ಅರಸರ ಕಾಲದ್ದು. ಅಲ್ಲಿನ ನಾಗಶಿಲ್ಪದ ಪ್ರಾಕೃತ ಶಾಸನ ಕದಂಬರಿಗಿಂತ ಹಳೆಯದು, ಅದರಲ್ಲಿ ಕೆತ್ತಿದ ಶಿಲ್ಪಿ ನಟಕನ ಹೆಸರೂ ಇದೆ. ಭಾರತದ ಶಿಲ್ಪಿಗಳು ಹೆಸರೇ ಬರೆದುಕೊಳ್ಳುತ್ತಿರಲಿಲ್ಲ ಅನ್ನೋ ಮಾತನ್ನು ನಂಬಿಕೊಂಡಿದ್ದವರು ಶಿರಸಿಯಿಂದ ಬಸ್ಸು ಹತ್ತಿ ಒಮ್ಮೆ ಅಲ್ಲಿಗೆ ಹೋಗಿ ಬರಲಿ.

ಪುಸ್ತಕದ ವಿಷಯಕ್ಕೆ ಬಂದರೆ ದೊಡ್ಡ ನಗರಕ್ಕೆ ಪೂರ್ತಿ ಅಂಕ. ಸಣ್ಣ ಕಡೆ ಲೈಬ್ರರಿ ಅಂದರೆ ಕೆಲವು ಬೀರು, ಬೀಗದ ಕೈ ಒಬ್ಬರ ಹತ್ತಿರ, ವಿದೇಶಿ ಜರ್ನಲ್ ಇಲ್ಲವೇ ಇಲ್ಲ. ನಿಜವಾದ ಕ್ಯಾನ್ವಾಸ್ ನೋಡಬೇಕು ಅಂದರೂ ನಗರವೇ ಬೇಕು. ಬೆಂಗಳೂರಿನಲ್ಲಿ 2009ರಿಂದ ಎನ್‌ಜಿಎಂಎ, ಅಂದರೆ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ, ಇದೆ, ಬಣ್ಣ ಎಷ್ಟು ದಪ್ಪ ಬಳಿದಿದ್ದಾರೆ ಅಂತ ಅಲ್ಲಿ ಪಕ್ಕದಿಂದ ನೋಡಬಹುದು. ಚಿತ್ರ ಬರೆಯುವವರ ಜೊತೆಯಲ್ಲೇ ಇತಿಹಾಸ ಓದಬೇಕು ಅನ್ನುವವರಿಗೆ ಬರೋಡಾದ ಎಂ.ಎಸ್. ವಿಶ್ವವಿದ್ಯಾಲಯ ಇದೆ. ಅಲ್ಲಿನ ಲಲಿತಕಲಾ ವಿಭಾಗ 1950ರಷ್ಟು ಹಳೆಯದು. ಸಣ್ಣ ಕಡೆ ಇನ್ನೊಂದು ದೊಡ್ಡ ಕೊರತೆ, ಎಲ್ಲವೂ ಒಬ್ಬಿಬ್ಬರು ಮೇಷ್ಟ್ರ ಮೇಲೆ ನಿಂತಿರುತ್ತದೆ. ನಮಗೆ ಯುರೋಪಿನ ಕಲೆ ಹೇಳುತ್ತಿದ್ದ ಅತಿಥಿ ಉಪನ್ಯಾಸಕರು ಸಂಬಳ ಸರಿಯಾಗಿ ಬರದೆ ನಡುವೆಯೇ ಬಿಟ್ಟು ಹೋದರು, ಆ ಪೇಪರನ್ನು ನಾವು ನೋಟ್ಸ್ ಓದಿಕೊಂಡೇ ಬರೆದೆವು.

ಆ ಜಾಗದಲ್ಲಿ ಆನ್‌ಲೈನ್ ಕೈ ಹಿಡಿಯಿತು. ಆಮ್‌ಸ್ಟರ್‌ಡಾಮಿನ ರೈಕ್ಸ್ ಮ್ಯೂಸಿಯಂ ತನ್ನ ಚಿತ್ರಗಳನ್ನು ದೊಡ್ಡ ಅಳತೆಯಲ್ಲಿ ಉಚಿತವಾಗಿ ಇಟ್ಟಿದೆ. 1642ರ ರೆಂಬ್ರಾಂಟ್ ಚಿತ್ರ 'ನೈಟ್ ವಾಚ್' ಅನ್ನು ಹಿಗ್ಗಿಸಿ ಹಿಗ್ಗಿಸಿ ಬಣ್ಣದ ಬಿರುಕಿನವರೆಗೂ ನೋಡಬಹುದು. ಆದರೆ ಅದು ನಾಲ್ಕು ಮೀಟರಿಗೂ ಜಾಸ್ತಿ ಅಗಲದ ಚಿತ್ರ ಅನ್ನೋದು ಮೊಬೈಲ್ ಹಿಡಿದ ಕೈಗೆ ಯಾವತ್ತೂ ಗೊತ್ತಾಗೋದಿಲ್ಲ. ನೀವು ತಪ್ಪು ನೋಡಿದರೆ ತಿದ್ದುವವರೂ ಇಲ್ಲ. ಜೊತೆಗೆ ಇಟ್ಟುಕೊಳ್ಳೋಕೆ ಸರಿ, ಅದನ್ನೇ ನಂಬಿ ಕೂರಬೇಡಿ.

ನನಗೆ ಎಲ್ಲಕ್ಕಿಂತ ಜಾಸ್ತಿ ವ್ಯತ್ಯಾಸ ಕಂಡಿದ್ದು ಪ್ರಬಂಧದ ವಿಷಯ ಆರಿಸುವಾಗ. ನಾನು ಕಾವಿ ಕಲೆಯ ಮೇಲೆ ಬರೆಯಬೇಕು ಅಂದುಕೊಂಡಿದ್ದೆ. ಶಿರಸಿಯ ಮಾರಿಕಾಂಬಾ ದೇವಸ್ಥಾನದ ಗೋಡೆಯಲ್ಲಿ ಇರುವ ಕೆಂಪು ಬಿಳುಪು ಚಿತ್ರಗಳು ನಾವು ಚಿಕ್ಕಂದಿನಿಂದ ನೋಡಿದ್ದೇ. ಚಿಪ್ಪು ಸುಟ್ಟ ಸುಣ್ಣಕ್ಕೆ ಮರಳು, ಬೆಲ್ಲದ ನೀರು ಸೇರಿಸಿ ಕೊಳೆಹಾಕಿ ಕುಟ್ಟಿ ಗೋಡೆಗೆ ಬಳಿಯುತ್ತಿದ್ದರು. ಅದರ ಮೇಲೆ ಕೆಮ್ಮಣ್ಣಿನ ಲೇಪ. ಅದು ಹಸಿ ಇರುವಾಗಲೇ ಕಬ್ಬಿಣದ ಮೊನೆಯಿಂದ ಕೆರೆದರೆ ಅಡಿಯ ಬಿಳಿ ಗೆರೆಯಾಗಿ ಏಳುತ್ತದೆ. ಗೋವಾದಿಂದ ನಮ್ಮ ಕರಾವಳಿಯವರೆಗೆ ಇದು ಹರಡಿತ್ತು. ಹೊನ್ನಾವರದವರಾದ ಡಾ. ಕೃಷ್ಣಾನಂದ ಕಾಮತರು ಊರೂರು ತಿರುಗಿ ಇದನ್ನು ದಾಖಲಿಸದೇ ಹೋಗಿದ್ದರೆ ಎಷ್ಟೋ ಚಿತ್ರಗಳ ಗುರುತೂ ಉಳಿಯುತ್ತಿರಲಿಲ್ಲ, ಯಾಕೆಂದರೆ ಜೀರ್ಣೋದ್ಧಾರ ಅಂತ ಹೊರಟವರು ಮೊದಲು ಮಾಡುವ ಕೆಲಸವೇ ಹಳೆ ಗಾರೆ ಕಿತ್ತು ಟೈಲ್ಸ್ ಹಾಕುವುದು. ಇದನ್ನು ಕಂಡರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ದೊಡ್ಡ ಕಡೆ ಈ ವಿಷಯ ಹೇಳಿದಾಗ, ಅದು ಜಾನಪದ, ಆ ವಿಭಾಗಕ್ಕೆ ಹೋಗು ಅಂದರು. ಸಣ್ಣ ಕಡೆ ಗೈಡ್ ಮೊದಲು ಕೇಳಿದ್ದು, "ಗಾರೆ ಕೆಲಸ ಗೊತ್ತಿರುವ ಹಿರಿಯರು ಯಾರಾದರೂ ಇದ್ದಾರಾ?" ಕನ್ನಡದಲ್ಲೇ ಬರೆಯೋಕೂ ಬಿಟ್ಟರು. ನನ್ನ ಜೊತೆ ಓದಿದ ಸಿದ್ದಾಪುರದ ಗೆಳತಿ ದೀವರ ಸಮುದಾಯದವರು ಮನೆ ಗೋಡೆ ಮೇಲೆ ಬರೆಯುವ ಹಸೆ ಚಿತ್ತಾರ ತಗೊಂಡಳು, ಅಕ್ಕಿಯ ಬಿಳಿ, ಕೆಮ್ಮಣ್ಣು, ಪುಂಡಿ ನಾರಿನ ಕುಂಚ ಎಲ್ಲವನ್ನೂ ತಾನೇ ಮಾಡಿ ಕಲಿತಳು.

ಕೆಲಸದ ವಿಷಯದಲ್ಲಿ ಎರಡಕ್ಕೂ ದೊಡ್ಡ ವ್ಯತ್ಯಾಸ ಇಲ್ಲ. ಕಾಲೇಜು ಮೇಷ್ಟ್ರಾಗೋಕೆ ಬರೆಯುವ ನೆಟ್ ಪರೀಕ್ಷೆಯಲ್ಲಿ ಕಲಾ ಇತಿಹಾಸ ದೃಶ್ಯಕಲೆಯ ಅಡಿಯಲ್ಲೇ ಬರುತ್ತದೆ, ಎಲ್ಲಿ ಓದಿದರೂ ಅದನ್ನು ನೀವೇ ತಯಾರಿ ಮಾಡಬೇಕು.

ಸಣ್ಣ ವಿಶ್ವವಿದ್ಯಾಲಯ ಎಲ್ಲವೂ ಒಂದೇ ಥರ ಇರೋದಿಲ್ಲ. ಫೀ ಕಟ್ಟುವ ಮುಂಚೆ ವಿಭಾಗಕ್ಕೆ ಹೋಗಿ, ಕಾಯಂ ಮೇಷ್ಟ್ರು ಎಷ್ಟು ಜನ ಅಂತ ಕೇಳಿ. ಹಿಂದಿನ ವರ್ಷದವರ ಪ್ರಬಂಧಗಳನ್ನು ತೆಗೆಸಿ ನೋಡಿ. ಫೋಟೊ, ನೆಲನಕ್ಷೆ, ಅಳತೆ ವಿದ್ಯಾರ್ಥಿಗಳೇ ತೆಗೆದದ್ದಾಗಿದ್ದರೆ ಸೇರಿಕೊಳ್ಳಿ. ಇಂಟರ್‌ನೆಟ್ಟಿನಿಂದ ಇಳಿಸಿದ ಚಿತ್ರಗಳೇ ತುಂಬಿದ್ದರೆ ಆ ಜಾಗ ಬಿಟ್ಟು ಬೇರೆ ಕಡೆ ವಿಚಾರಿಸಿ.