ಲಾರಿಯ ಹಿಂದೀಪಕ್ಕೆ ಬಲ್ಬೋ ಎಲ್‌ಇಡಿಯೋ?

ಹತ್ತು ಚಕ್ರದ ನನ್ನ ಲಾರಿಗೆ ನೀರು ನುಗ್ಗದಂತೆ ಪೂರ್ತಿ ಮುಚ್ಚಿದ ಎಲ್‌ಇಡಿ ಟೈಲ್ ಲ್ಯಾಂಪ್ ಹಾಕಿಸಿ ಎರಡು ಮಳೆಗಾಲ ಕಳೆದಿವೆ. ಬಲ್ಬಿಗೆ ಮರಳುವ ಆಲೋಚನೆ ನನಗಿಲ್ಲ. ಬಲ್ಬೇ ಇದ್ದ ಕಾಲದಲ್ಲಿ ಶಿರಾಡಿ ಘಾಟಿಯನ್ನು ಮಳೆಯಲ್ಲಿ ಇಳಿಯುತ್ತಿದ್ದ ಒಂದು ರಾತ್ರಿ, ಹಿಂದೆ ಬಂದ ಬಸ್ಸು ಕೆಲವೇ ಅಡಿ ದೂರದಲ್ಲಿ ಬ್ರೇಕ್ ಹಿಡಿದು ನಿಂತಿತು. ಗುಂಡ್ಯದಲ್ಲಿ ಇಳಿದು ನೋಡಿದರೆ ಎರಡೂ ಬದಿಯ ಹಿಂದೀಪಗಳು ಆರಿದ್ದವು. ಸಕಲೇಶಪುರ ಬಿಡುವಾಗ ಅವು ಉರಿಯುತ್ತಿದ್ದುದನ್ನು ನಾನೇ ಕಂಡಿದ್ದೆ.

24 ವೋಲ್ಟಿನ 21/5 ವ್ಯಾಟ್ ಬಲ್ಬು (ಬ್ರೇಕಿಗೆ 21, ಹಿಂದೀಪಕ್ಕೆ 5) ಅಗ್ಗ, ಎಲ್ಲೆಡೆ ಸಿಗುತ್ತದೆ, ಕ್ಲೀನರ್ ಹುಡುಗನೇ ಬದಲಾಯಿಸಬಲ್ಲ. ಆದರೆ ಖಾಲಿ ಲಾರಿಯ ಹಿಂಬದಿ ಕುಲುಕುವ ಪರಿಗೆ ಅದರೊಳಗಿನ ಸಣ್ಣ ತಂತಿ, ಫಿಲಮೆಂಟ್, ಬಾಳುವುದಿಲ್ಲ. ಮೊದಲು ಕೊಂಡ ಅಗ್ಗದ ಎಲ್‌ಇಡಿಯೊಳಗೆ ಮೊದಲ ಮಳೆಗೇ ನೀರು ನಿಂತಿತು.

ನನ್ನನ್ನು ನಿಜವಾಗಿ ಕಾಡಿದ್ದು ಇಂಡಿಕೇಟರ್. ಹೊಸ ದೀಪ ಕೂರಿಸಿದ ದಿನದಿಂದ ಅದು ಎಣಿಸಲಾಗದಷ್ಟು ವೇಗವಾಗಿ ಮಿಟುಕತೊಡಗಿತು. ಇಂಡಿಕೇಟರನ್ನು ಮಿಟುಕಿಸುವ ಹಳೆಯ ಫ್ಲಾಷರ್ ತನ್ನ ಮೂಲಕ ಹರಿಯುವ ಕರೆಂಟನ್ನು ಅಳೆಯುತ್ತದೆ. ಒಂದು ಬಲ್ಬು ಸುಟ್ಟು ಕರೆಂಟು ಕಡಿಮೆಯಾದರೆ, ಚಾಲಕನಿಗೆ ತಿಳಿಯಲೆಂದು ಬೇಗ ಬೇಗ ಮಿಟುಕಿಸುತ್ತದೆ. 21 ವ್ಯಾಟಿನ ಜಾಗದಲ್ಲಿ ಕೆಲವೇ ವ್ಯಾಟ್ ಎಳೆಯುವ ಎಲ್‌ಇಡಿಯನ್ನೂ ಅದು ಸುಟ್ಟ ಬಲ್ಬೆಂದೇ ತಿಳಿಯುತ್ತದೆ.

ಎಲೆಕ್ಟ್ರಿಷಿಯನ್ ಒಬ್ಬರು ಬಲ್ಬಿನಷ್ಟೇ ಕರೆಂಟು ಹರಿಯಲೆಂದು ಪ್ರತಿ ದೀಪಕ್ಕೂ ರೆಸಿಸ್ಟರ್ ಜೋಡಿಸಿಕೊಟ್ಟರು. ಮಿಟುಕು ಸರಿಹೋಯಿತು, ಆದರೆ ಉಳಿಯಬೇಕಾದ ಕರೆಂಟೆಲ್ಲ ಅಲ್ಲಿ ಶಾಖವಾಗಿ ಹೋಗುತ್ತಿತ್ತು. ಕೆಟ್ಟು ನಿಂತ ಒಂದು ರಾತ್ರಿ ನಾಲ್ಕೂ ಇಂಡಿಕೇಟರ್ ಹಾಕಿಟ್ಟಿದ್ದಾಗ ರೆಸಿಸ್ಟರಿಗೆ ತಾಗಿದ್ದ ವೈರಿನ ಹೊದಿಕೆ ಕರಗಿ, ಸುಟ್ಟ ವಾಸನೆ ಕ್ಯಾಬಿನ್‌ವರೆಗೆ ಬಂತು. ಟಾರ್ಪಾಲಿನ ಹಗ್ಗ ಇಳಿಬಿದ್ದಿರುವ ಜಾಗದಲ್ಲಿ ಅಂಥದ್ದನ್ನು ಇಡಲೇಬಾರದು.

ಕೊನೆಗೆ ಎಲ್‌ಇಡಿಗೆಂದೇ ಬರುವ ಎಲೆಕ್ಟ್ರಾನಿಕ್ ಫ್ಲಾಷರ್ ಹಾಕಿಸಿ, ಹಿಂಬದಿಯ ದೀಪದ ಅರ್ಥ್ ವೈರನ್ನು ಚಾಸಿಗೆ ಸೇರಿಸುವ, ತುಕ್ಕು ಹಿಡಿದ ಬೋಲ್ಟನ್ನು ಉಜ್ಜಿ ಬಿಗಿ ಮಾಡಿಸಿದ ಮೇಲೆ ಕಾಟ ತಪ್ಪಿತು. ಇದರಲ್ಲಿ ಒಂದು ನಷ್ಟವಿದೆ: ನನ್ನ ಹೊಸ ಫ್ಲಾಷರ್ ದೀಪ ಕೆಟ್ಟರೂ ಎಚ್ಚರಿಸುವುದಿಲ್ಲ. ಹಾಗಾಗಿ ಪ್ರತಿ ನಿಲುಗಡೆಯಲ್ಲೂ ಇಳಿದು ಲಾರಿಯನ್ನು ಒಂದು ಸುತ್ತು ಬಂದು ನೋಡುತ್ತೇನೆ.

ಯಾವ ದೀಪ ಕೊಂಡರೂ ರೇಡಿಯಂ ಪಟ್ಟಿ ಇರಲೇಬೇಕು. ಹಿಂದೆ ಕೆಂಪು, ಪಕ್ಕದಲ್ಲಿ ಹಳದಿ, ಮುಂದೆ ಬಿಳಿ. ವೈರಿಂಗ್ ಪೂರ್ತಿ ಸತ್ತು ಲಾರಿ ರಸ್ತೆಬದಿಯಲ್ಲಿ ನಿಂತಾಗಲೂ ಹಿಂದಿನವರ ಹೆಡ್‌ಲೈಟಿಗೆ ಹೊಳೆಯುವುದು ಅದೊಂದೇ, ಕೆಸರು ಒರೆಸಿದ್ದರೆ ಮಾತ್ರ.

ದೀಪ, ಫ್ಲಾಷರ್, ಕೂಲಿ ಸೇರಿ ನನಗೆ 3,000 ರೂಪಾಯಿಯ ಮೇಲೆ ಬಿತ್ತು. ಹಗಲಲ್ಲಿ ಊರೊಳಗೇ ಮರಳು, ಇಟ್ಟಿಗೆ ಸಾಗಿಸುವವರಿಗೆ ಬಲ್ಬೇ ಸಾಕು. ನನ್ನ ಬಾಡಿಗೆಗಳೆಲ್ಲ ರಾತ್ರಿಯವು, ವಾರಕ್ಕೆ ಎರಡು ಬಾರಿ ಘಾಟಿ ಇಳಿಯುತ್ತೇನೆ. ಮುಂದಿನ ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟ್ ತಪಾಸಣೆಗೆ) ಮೊದಲು ತಮ್ಮನ ಲಾರಿಗೂ ಇದೇ ದೀಪ ಹಾಕಿಸುತ್ತಿದ್ದೇನೆ.