ನಾಲ್ಕು ಪಿನ್ನಿನ ರಿಲೇ ಕಿಟ್: ಹಳೆಯ ಕಾರಿಗೊಂದು ಊರುಗೋಲು

ಪ್ಲಗ್ಗಿನ ಕಿಡಿಗಾಗಿ ಕರೆಂಟನ್ನು ಕೂಡಿಸಿ ಕಡಿಯುವ ಪಾಯಿಂಟ್, ಅದರ ಜೊತೆಗೊಂದು ಕಂಡೆನ್ಸರ್ ಇರುವ ಕಾಲದ ಕಾರು ನನ್ನದು. ಬಿಸಿಯಾದ ಮೇಲೆ ಏರಿನಲ್ಲಿ ಕೆಮ್ಮುತ್ತಿತ್ತು. ಪಾಯಿಂಟ್ ಬದಲಿಸಿದೆ, ಕಂಡೆನ್ಸರ್ ಬದಲಿಸಿದೆ, ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಕಾಯಿಲ್ ಕೂಡ ಹೊಸದು ಹಾಕಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ರೋಗವಿದ್ದದ್ದು ಕೀಲಿ ತಿರುಗಿಸುವ ಸ್ವಿಚ್ಚಿನೊಳಗೆ. ಮೀಟರ್ ಹಿಡಿದಾಗಲೂ ಮೊದಲು ಏಮಾರಿದ್ದೆ. ಪಾಯಿಂಟ್ ತೆರೆದು ನಿಂತಿದ್ದರೆ ಕಾಯಿಲ್‌ನಲ್ಲಿ ಕರೆಂಟ್ ಹರಿಯುವುದಿಲ್ಲ, ಹಾಗಾಗಿ ಸವೆದ ಸ್ವಿಚ್ಚಿನ ಮೂಲಕವೂ 12 ವೋಲ್ಟ್ ಪೂರ್ತಿ ಕಾಣುತ್ತದೆ. ಎಂಜಿನ್ನನ್ನು ಕೈಯಿಂದ ತುಸು ತಿರುಗಿಸಿ ಪಾಯಿಂಟ್ ಕೂಡಿಸಿದೆ, ಮುಳ್ಳು 9.4ಕ್ಕೆ ಬಿತ್ತು.

ಹೊಸ ಸ್ವಿಚ್ ಸಿಗುವವರೆಗೆ ಇರಲಿ ಎಂದು ಈ ರಿಲೇ ಕಿಟ್ ತರಿಸಿದೆ. ರಿಲೇ ಎಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್. ಕೀಲಿಯ ವೈರು ರಿಲೇಯ 86 ಎಂಬ ಪಿನ್ನಿಗೆ, 85ರಿಂದ ಕಾರಿನ ಲೋಹದ ಮೈಗೆ, ಬ್ಯಾಟರಿಯಿಂದ ಫ್ಯೂಸ್ ಮೂಲಕ 30ಕ್ಕೆ, 87ರಿಂದ ಕಾಯಿಲ್‌ಗೆ. ನನ್ನ ಕಾಯಿಲ್ 3 ಓಮ್‌ನದು, ಸುಮಾರು 4 ಆಂಪಿಯರ್ ಎಳೆಯುತ್ತದೆ. ಆ ಹೊರೆಯನ್ನು ಈಗ ರಿಲೇ ಹೊರುತ್ತದೆ, ಮುದಿ ಸ್ವಿಚ್ಚಿಗೆ ಉಳಿದದ್ದು ರಿಲೇಯನ್ನು ಎಬ್ಬಿಸುವ ಕೆಲಸ ಮಾತ್ರ. ಕಾಯಿಲ್‌ನಲ್ಲಿ 12.2 ವೋಲ್ಟ್, ಏರಿನಲ್ಲಿ ಕೆಮ್ಮಿಲ್ಲ. (ಕಾಯಿಲ್ಲಿನ ವೋಲ್ಟೇಜ್ ತಗ್ಗಿಸುವ ಬ್ಯಾಲಸ್ಟ್ ರೆಸಿಸ್ಟರ್ ಇರುವ ಕಾರಾದರೆ 87ರ ವೈರು ಅದರ ಕೀಲಿಯ ಕಡೆಯ ತುದಿಗೇ ಸೇರಬೇಕು. ನೇರವಾಗಿ ಕೊಟ್ಟರೆ ಕಾಯಿಲ್ ಬೆಂದುಹೋಗುತ್ತದೆ.)

ರಿಲೇಯ ಮೇಲೆ ನನಗೆ ದೂರಿಲ್ಲ. ಜೊತೆಗೆ ಬಂದ ಫ್ಯೂಸ್ ಮಾತ್ರ 30 ಆಂಪಿಯರ್‌ನದು, ವೈರು ನೂಲಿನಷ್ಟು ತೆಳು! ಶಾರ್ಟ್ ಆದರೆ ಫ್ಯೂಸಿಗಿಂತ ಮೊದಲು ವೈರೇ ಸುಡುತ್ತದೆ. 10 ಆಂಪಿಯರ್‌ನದನ್ನು ಹಾಕಿಕೊಂಡೆ. ಸಾಕೆಟ್ಟಿನ ಒಂದು ಟರ್ಮಿನಲ್ ಎಳೆದೊಡನೆ ಕೈಗೇ ಬಂತು, ಅದನ್ನು ಮತ್ತೆ ಒತ್ತಿ ಕೂರಿಸಿದೆ.

ಗಾಬರಿಯಾದದ್ದು ಮೊದಲ ದಿನ ಕೀಲಿ ತೆಗೆದಾಗ. ಎಂಜಿನ್ ನಿಲ್ಲಲೇ ಇಲ್ಲ! ಬ್ರೇಕ್ ಒತ್ತಿ ಹಿಡಿದು, ಗೇರಿನಲ್ಲಿ ಕ್ಲಚ್ ಬಿಟ್ಟು ನಿಲ್ಲಿಸಬೇಕಾಯಿತು. ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರಿನ ಕರೆಂಟ್ ಚಾರ್ಜಿಂಗ್ ದೀಪದ ಮೂಲಕ ಹಿಮ್ಮುಖವಾಗಿ ಬಂದು ರಿಲೇಯನ್ನು ಹಿಡಿದಿಟ್ಟಿತ್ತು. ದೀಪದ ವೈರಿಗೆ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಡಯೋಡ್ ಸೇರಿಸಿದ ಮೇಲೆ ಕೀಲಿಯ ಮಾತು ಕೇಳುತ್ತಿದೆ. ಕಿಟ್ಟಿನ ಚೀಟಿಯಲ್ಲಿ ಈ ವಿಷಯದ ಸುಳಿವೇ ಇಲ್ಲ.

ಆದರೂ ಬ್ಯಾಟರಿಯಿಂದ ಕಾಯಿಲ್‌ಗೆ ನೇರ ವೈರು ಎಳೆದು ಟೇಪು ಸುತ್ತುವುದಕ್ಕಿಂತ ಇದು ಎಷ್ಟೋ ಮೇಲು. ಹಿಂದಿನ ಮಾಲೀಕರು ಅದನ್ನೂ ಮಾಡಿ ನೋಡಿದ್ದರು. ಕರಗಿದ ಟೇಪಿನ ಗುರುತು ಇನ್ನೂ ಇದೆ. ಹಾಗೆ ಮಾಡಿ, ಪಾಯಿಂಟ್ ಕೂಡಿರುವಾಗ ಕಾರು ನಿಲ್ಲಿಸಿಟ್ಟರೆ ಕಾಯಿಲ್ ಕಾದು ಕೆಂಡವಾಗುತ್ತದೆ, ಬ್ಯಾಟರಿಯೂ ಬರಿದಾಗುತ್ತದೆ.

ಐದಕ್ಕೆ ಮೂರು ಅಂಕ. ಕಳೆದ ಎರಡರಲ್ಲಿ ಒಂದು ಆ ಫ್ಯೂಸಿಗೆ, ಇನ್ನೊಂದು ಆ ಚೀಟಿಗೆ.