ಉಚಿತ ಕನ್ನಡಕ ಸಿಕ್ಕಿತು ಅಂತ ಸುಮ್ಮನಾಗಬೇಡಿ

ನಮ್ಮ ಅಪ್ಪ ಟೈಲರ್. ಮೂವತ್ತೈದು ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದಾರೆ. ಎರಡು ವರ್ಷದ ಹಿಂದೆ ಸೂಜಿಗೆ ದಾರ ಪೋಣಿಸಿಕೊಡು ಅಂತ ಅಮ್ಮನನ್ನು ಕರೆಯಲು ಶುರು ಮಾಡಿದರು. ಅದೇ ಹೊತ್ತಿಗೆ ಪಕ್ಕದೂರಿನ ಶಾಲೆಯಲ್ಲಿ ಉಚಿತ ಕನ್ನಡಕ ಶಿಬಿರ ಇದೆ ಅಂತ ಆಟೋಗೆ ಮೈಕ್ ಕಟ್ಟಿಕೊಂಡು ಸಾರಿದರು. ನಾನೇ ಬೈಕಿನಲ್ಲಿ ಕರೆದುಕೊಂಡು ಹೋದೆ.

ಕಣ್ಣಿನ ಶಿಬಿರ ಅಂದರೆ ನಮ್ಮ ಮನೆಯಲ್ಲಿ ತುಂಬಾ ನಂಬಿಕೆ. ಡಾ. ಎಂ.ಸಿ. ಮೋದಿಯವರು ಊರೂರಿಗೆ ಹೋಗಿ ಪೊರೆ ತೆಗೆಯುತ್ತಿದ್ದ ಕಾಲದಲ್ಲಿ ನಮ್ಮ ಅಜ್ಜಿಗೆ ಅವರ ಶಿಬಿರದಲ್ಲೇ ಆಪರೇಷನ್ ಆಗಿತ್ತು. ಕಣ್ಣು ಕೊಟ್ಟ ಪುಣ್ಯಾತ್ಮ ಅಂತ ಅಜ್ಜಿ ಸಾಯುವವರೆಗೂ ನೆನೆಯುತ್ತಿದ್ದಳು.

ಇಲ್ಲಿ ನಡೆದದ್ದೇ ಬೇರೆ. ಡೆಸ್ಕಿನ ಮೇಲೆ ಮೂರು ಡಬ್ಬ ಇಟ್ಟಿದ್ದರು: 1.5, 2, 2.5 ಪವರ್. ಒಬ್ಬ ಹುಡುಗ ಸಣ್ಣಕ್ಷರದ ಕಾರ್ಡು ಕೈಗೆ ಕೊಟ್ಟು ಒಂದಾದ ಮೇಲೊಂದು ಕನ್ನಡಕ ಹಾಕಿಸಿದ. "ಇದ್ರಲ್ಲಿ ಕಾಣುತ್ತಾ ಯಜಮಾನ್ರೇ?" ಎರಡನೆಯದರಲ್ಲಿ ಕಂಡಿತು. ಎರಡು ನಿಮಿಷದಲ್ಲಿ ಎಲ್ಲ ಮುಗಿಯಿತು. ಒಂದೊಂದೇ ಕಣ್ಣು ಮುಚ್ಚಿಸಿ ನೋಡಲಿಲ್ಲ. ಟಾರ್ಚ್ ಬಿಟ್ಟು ನೋಡಲಿಲ್ಲ. ಶುಗರ್ ಇದೆಯಾ ಅಂತ ಕೇಳಲಿಲ್ಲ. ಒಂದು ಚೀಟಿಯನ್ನೂ ಕೊಡಲಿಲ್ಲ. ಸಾಲಾಗಿ ನಿಲ್ಲಿಸಿ ಫೋಟೊ ಮಾತ್ರ ತೆಗೆದರು.

ಆ ಕನ್ನಡಕದಿಂದ ಉಪಯೋಗ ಆಗಲಿಲ್ಲ ಅಂತ ಹೇಳಲಾರೆ. ಅಪ್ಪ ಮತ್ತೆ ಹುಕ್ಕು, ಕಾಜಾ ಎಲ್ಲ ತಾವೇ ಹಾಕತೊಡಗಿದರು. ನಾವು ಮೋಸ ಹೋಗಿದ್ದು ಅಲ್ಲೇ. ಕನ್ನಡಕ ಬಂತಲ್ಲ, ಕಣ್ಣು ತೋರಿಸಿದ ಹಾಗಾಯಿತು ಅಂದುಕೊಂಡೆವು.

ಆಮೇಲೆ ಬಾಗಿಲು ದಾಟುವಾಗ ಬಲಭುಜ ಚೌಕಟ್ಟಿಗೆ ತಾಗುವುದು ಜಾಸ್ತಿಯಾಯಿತು. ಬಲಗಡೆಯಿಂದ ಬಂದ ಸೈಕಲ್ ಕಾಣದೆ ಒಮ್ಮೆ ಗುದ್ದಿಸಿಕೊಂಡರು. "ವಯಸ್ಸಾಯ್ತಲ್ಲ ಮಗಾ" ಅಂದರು. ಒಂದು ದಿನ ಎಡಗಣ್ಣಿಗೆ ಧೂಳು ಬಿದ್ದು ಉಜ್ಜಿಕೊಳ್ಳುವಾಗ ಗೊತ್ತಾಯಿತು, ಬಲಗಣ್ಣಿಗೆ ಎದುರಿಗಿದ್ದ ಮಿಷನ್ನಿನ ಚಕ್ರವೇ ಕಾಣುತ್ತಿಲ್ಲ.

ಜಿಲ್ಲಾಸ್ಪತ್ರೆಯಲ್ಲಿ ಕಣ್ಣಿನ ಒತ್ತಡ ಅಳೆದರು. ಸಾಮಾನ್ಯವಾಗಿ 10ರಿಂದ 21ರ ಒಳಗೆ ಇರಬೇಕು. ಅಪ್ಪನ ಬಲಗಣ್ಣಿನಲ್ಲಿ 34 ಇತ್ತು. ಗ್ಲಾಕೋಮಾ ಅಂದರು. ಕಣ್ಣಿನ ನರ ನಿಧಾನಕ್ಕೆ ಹಾಳಾಗುತ್ತದೆ. ಹೆಚ್ಚಿನವರಿಗೆ ನೋವೂ ಇರುವುದಿಲ್ಲ, ಕಣ್ಣು ಕೆಂಪೂ ಆಗುವುದಿಲ್ಲ. ನೋಟ ಅಂಚಿನಿಂದ ಕರಗುತ್ತಾ ಬರುತ್ತದೆ. ಪೊರೆಯಾದರೆ ಆಪರೇಷನ್ ಮಾಡಿ ತೆಗೆಯಬಹುದು. ಇದರಲ್ಲಿ ಹೋದ ನೋಟ ವಾಪಸ್ ಬರುವುದಿಲ್ಲ. ಉಳಿದದ್ದನ್ನು ಕಾಪಾಡಲು ದಿನಾ ಡ್ರಾಪ್ಸ್ ಹಾಕಬೇಕು.

"ಮೊದಲೇ ತೋರಿಸಬಾರದಿತ್ತಾ?" ಅಂತ ಡಾಕ್ಟರು ಕೇಳಿದರು. ಅಪ್ಪ ಜೇಬಿನಿಂದ ಆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ತೋರಿಸಿದ್ದೆ ಸಾರ್." ನನಗೆ ತಲೆ ಎತ್ತಲು ಆಗಲಿಲ್ಲ.

ನಲವತ್ತು ದಾಟಿದ ಮೇಲೆ ಹತ್ತಿರದ್ದು ಮಸುಕಾಗುವುದು ಚಾಳೀಸು. ಎರಡೂ ಕಣ್ಣಿನ ಪವರ್ ಒಂದೇ ಇದ್ದರೆ ಅದಕ್ಕೆ ರೆಡಿಮೇಡ್ ಕನ್ನಡಕ ಸಾಕು. ಆದರೆ ಕಣ್ಣಿನೊಳಗೆ ಏನಾಗುತ್ತಿದೆ ಅಂತ ಆ ಡಬ್ಬದ ಕನ್ನಡಕದಿಂದ ತಿಳಿಯುವುದಿಲ್ಲ. ಶಿಬಿರಕ್ಕೆ ಹೋದರೆ ಸಂಕೋಚ ಬೇಡ, ಕೇಳಿ: ಒಂದೊಂದೇ ಕಣ್ಣು ನೋಡ್ತೀರಾ? ಒತ್ತಡ ನೋಡ್ತೀರಾ? ಚೀಟಿ ಕೊಡ್ತೀರಾ? ಇಲ್ಲ ಅಂದರೂ ಕನ್ನಡಕ ತಗೊಳ್ಳಿ, ಆದರೆ ಅದೇ ವಾರ ಸರ್ಕಾರಿ ಆಸ್ಪತ್ರೆಯ ಕಣ್ಣಿನ ಡಾಕ್ಟರಿಗೆ ತೋರಿಸಿ. 1976ರಿಂದ ನಡೆಯುತ್ತಿರುವ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಲ್ಲಿ ಶಾಲಾ ಮಕ್ಕಳಿಗೂ ವಯಸ್ಸಾದವರಿಗೂ ಉಚಿತ ಕನ್ನಡಕ ಕೊಡುತ್ತಾರೆ. ಶಿಬಿರ ಒಂದೇ ದಾರಿ ಅಂತ ನಾವು ಸುಮ್ನೆ ತಿಳಿದುಕೊಂಡಿದ್ದೆವು.

ಗ್ಲಾಕೋಮಾ ಮನೆತನದಲ್ಲಿ ಬರಬಹುದಾದ ಕಾಯಿಲೆ. ಹಾಗಾಗಿ ನಾನೂ ತಂಗಿಯೂ ಹೋಗಿ ಒತ್ತಡ ನೋಡಿಸಿಕೊಂಡು ಬಂದೆವು. ಅಪ್ಪನ ಎಡಗಣ್ಣಿನ ನೋಟ ಉಳಿದಿದೆ. ಅದರಲ್ಲೇ ಹೊಲಿಯುತ್ತಾರೆ. ರಾತ್ರಿ ಒಂಬತ್ತಕ್ಕೆ ಅಲಾರಂ ಹೊಡೆದರೆ ಮಿಷನ್ ನಿಲ್ಲಿಸಿ, ಕುರ್ಚಿಗೆ ಒರಗಿ, ಡ್ರಾಪ್ಸ್‌ಗೆ ಮುಖ ಎತ್ತುತ್ತಾರೆ.